ಸಾಫ್ಟ್‌ವೇರ್ ಬಂತು, ಲೆಡ್ಜರ್ ಹೋಗ್ಲಿಲ್ಲ

ಪ್ರಶ್ನೆ: ನಮ್ಮೂರ ಪತ್ತಿನ ಸಹಕಾರ ಸಂಘದಲ್ಲಿ ನಾನೊಬ್ಬ ನಿರ್ದೇಶಕ. ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಹಾಕಿಸಿದ್ವಿ, ಆದ್ರೂ ಸಿಬ್ಬಂದಿ ಮೊದ್ಲು ಲೆಡ್ಜರ್‌ನಲ್ಲೇ ಬರೀತಾರೆ, ಪುರುಸೊತ್ತಾದಾಗ ಕಂಪ್ಯೂಟರ್‌ಗೆ ಏರಿಸ್ತಾರೆ, ಎರಡೂ ತಾಳೆ ಆಗಲ್ಲ. ಎಲ್ಲಿ ಎಡವಿದ್ವಿ ಸರ್?

ಉತ್ತರ: ಲೆಡ್ಜರ್ ಯಾವತ್ತು ನಿಲ್ಲುತ್ತೆ ಅಂತ ನೀವು ತೀರ್ಮಾನಾನೇ ಮಾಡಿಲ್ಲ, ಅಲ್ಲೇ ಎಡವಿದ್ದು. ಜಮೀನಿನ ದಾಖಲೆ, ಅಂದ್ರೆ ಪಹಣಿನ ಕಂಪ್ಯೂಟರ್‌ಗೆ ಹಾಕಿದ ನಮ್ಮ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ನೋಡಿ. ಅದಕ್ಕಿಂತ ಮುಂಚೆ 90ರ ದಶಕದಲ್ಲೂ ಪಹಣಿನ ಕಂಪ್ಯೂಟರ್‌ಗೆ ಹಾಕೋಕೆ ಹೊರಟಿದ್ರು, ಆದ್ರೆ ಜಮೀನು ಕೈ ಬದಲಾದಾಗ ಅದನ್ನ ಅಲ್ಲೇ ತಿದ್ದೋ ವ್ಯವಸ್ಥೆ ಇಲ್ದೆ ಹಾಕಿದ್ದೆಲ್ಲ ಹಳೇದಾಗಿಹೋಯ್ತು. ಭೂಮಿನಲ್ಲಿ ಹಾಗಾಗ್ಲಿಲ್ಲ, ಸುಮಾರು 2 ಕೋಟಿ ಪಹಣಿ ಏರಿಸಿದ್ಮೇಲೆ ಕೈಬರಹದ ಪಹಣಿಗೆ ಮಾನ್ಯತೇನೇ ತೆಗೆದುಬಿಟ್ರು, ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗ್ಬೇಕಿತ್ತು, ಯಾರು ತಿದ್ದಿದ್ರು ಅನ್ನೋದು ಉಳೀತಿತ್ತು. ನಂಗೆ ತುಂಬ ಹಿಡಿಸಿದ್ದು ಏನಂದ್ರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ರೈತನ ಕಡೆಗೂ ಒಂದು ಪರದೆ ಇಟ್ಟಿದ್ದು, ಪಹಣಿ ಪ್ರತಿಗೆ 15 ರೂಪಾಯಿ ಕೊಟ್ಟು ನಿಂತವನಿಗೆ ತನ್ನ ಸರ್ವೆ ನಂಬರ್ ಕಣ್ಣೆದುರೇ ಕಾಣ್ತಿತ್ತು.

ನೀವೂ ಒಂದಿನ ಪೂರ್ತಿ ಕ್ಯಾಶಿಯರ್ ಪಕ್ಕ ಕೂತ್ಕೊಳ್ಳಿ, ಪಿಗ್ಮಿ ದುಡ್ಡು ಬಂದಾಗ ಅವ್ರು ಯಾಕೆ ಲೆಡ್ಜರ್‌ಗೇ ಕೈ ಹಾಕ್ತಾರೆ ನೋಡಿ, ಕರೆಂಟ್ ಹೋಗುತ್ತಾ, ಸಾಫ್ಟ್‌ವೇರ್ ನಿಧಾನನಾ, ಇಲ್ಲ ಕಲಿಸಿದವ್ರೇ ಇಲ್ವಾ. ಅದನ್ನ ಸರಿ ಮಾಡ್ಸಿ, ಹಳೇ ಬಾಕಿ ತಾಳೆ ಹಾಕ್ಸಿ, ಆಮೇಲೆ ಏಪ್ರಿಲ್ 1ರಿಂದ ಲೆಡ್ಜರ್ ಬಂದ್ ಅಂತ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ.