ಮಿಂಚು ಕಚ್ಚೋಕೆ ಹೋಗಿದ್ದಲ್ಲ

ನಮಸ್ಕಾರ. ನೀವು ಕಳ್ಸಿದ 'ಹೊಸ ಮಗಳು' ಕಥೆನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಹಾಗಾದ್ರೆ ಎರಡನೇ ಸಲ ಯಾಕೆ ಓದ್ದೆ ಅಂದ್ರೆ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ, ಅದು ತಲೇಲೇ ಕೂತ್ಬಿಡ್ತು. ಅದರ ವಿಷ್ಯ ಆಮೇಲೆ.

ಕಥೆ ಇಷ್ಟು. ರಾಣಿ ಅನ್ನೋ 22 ವರ್ಷದ ಹೆಣ್ಣು ಕುದುರೆ, ಜೊತೆಗಿದ್ದ ಇನ್ನೊಂದು ಕುದುರೆ ಸತ್ತು ಒಂಟಿ ಆಗಿದೆ, ಮನೆಯವ್ರು ಮಿಂಚು ಅನ್ನೋ ಒಂದೂವರೆ ವರ್ಷದ ಮರೀನ ತರ್ತಾರೆ, ರಾಣಿಗೆ ಸಿಟ್ಟು ಬರತ್ತೆ, "ಕೆಲವು ದಿನಗಳ ನಂತರ" ಕಣ್ಣೀರಿಟ್ಟು ಮರೀನ ಅಪ್ಕೊಂಡು ಒಪ್ಕೊಳತ್ತೆ.

ಮೊದಲೆರಡು ಪುಟದಲ್ಲಿ ರಾಣಿ ಎದೇಲಿ ಹೊಟ್ಟೆಕಿಚ್ಚು ಧಗಧಗ ಉರಿಯತ್ತೆ, ಸವತಿ ಅನ್ನೋ ಮಾತೂ ಬಂದಿದೆ. ಕುದುರೆ ತೆಗ್ದು ಇಬ್ರು ಹೆಂಗಸ್ರನ್ನ ಕೂರಿಸಿದ್ರೂ ಒಂದಕ್ಷರ ಬದಲಾಯಿಸ್ಬೇಕಾಗಿಲ್ಲ, ಸೀರಿಯಲ್ ರೆಡಿ. ಬೇಜಾರು ಮಾಡ್ಕೋಬೇಡಿ, ಆದ್ರೆ ಆ ಎರಡು ಪುಟದಲ್ಲಿ ಒಂದು ಕಡೆನಾದ್ರೂ ರಾಣಿ ಕಿವಿ ಎಲ್ಲಿತ್ತು ಅಂತ ಹೇಳಿದೀರಾ? ಕುದುರೆ ಸಿಟ್ಟು ಮೊದ್ಲು ಕಾಣೋದೇ ಕಿವೀಲಿ. ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಸ್ಕೊಂಡು ಕುತ್ತಿಗೆ ತಗ್ಗಿಸಿ ಮುಂದೆ ಚಾಚಿತು ಅಂದ್ರೆ ಸಾಕು, ಉರಿ ಬೆಂಕಿ ಏನೂ ಬೇಡ. ಆಮೇಲೆ ಆ ಕಣ್ಣೀರು. ಕುದುರೆ ಕಣ್ಣಲ್ಲಿ ನೀರು ಬರತ್ತೆ ನಿಜ, ನೊಣ ಕೂತ್ರೆ, ಧೂಳು ಬಿದ್ರೆ, ಕಣ್ಣಿಂದ ಮೂಗಿಗೆ ಹೋಗೋ ನಾಳ ಕಟ್ಕೊಂಡ್ರೆ ಬರತ್ತೆ. ಮರಿ ಮೇಲೆ ಪ್ರೀತಿ ಉಕ್ಕಿ ಅಲ್ಲ.

ಲಾರಿ ಸೀನ್ ಇನ್ನೂ ಕಷ್ಟ. ಮಿಂಚು ಇಳಿದ ತಕ್ಷಣ ರಾಣಿ ಇರೋ ಲಾಯಕ್ಕೇ ಬಿಡ್ತಾರಲ್ಲ, ಕುದುರೆ ಸಾಕಿದ ಯಾರೇ ಓದಿದ್ರೂ ಅಲ್ಲೇ ನಿಲ್ಲಿಸ್ತಾರೆ. ಹೊಸ ಕುದುರೆನ ಕಡಿಮೆ ಅಂದ್ರೂ ಎರಡು ಮೂರು ವಾರ ದೂರ ಇಡ್ತಾರೆ, ಬಕೆಟ್ಟು ಬ್ರಷ್ಷು ಎಲ್ಲಾ ಬೇರೆ, ದಿನಾ ಜ್ವರ ನೋಡ್ತಾರೆ (ದೊಡ್ಡ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರ್ಬೇಕು), ಯಾಕಂದ್ರೆ ಸ್ಟ್ರಾಂಗಲ್ಸ್ ಥರದ ರೋಗ ಬಂದ ದಿನವೇ ಗೊತ್ತಾಗಲ್ಲ, ದವಡೆ ಕೆಳಗೆ ಗಡ್ಡೆ ಊದಿ ಮೂಗಲ್ಲಿ ಕೀವು ಬರೋ ಹೊತ್ತಿಗೆ ಪಕ್ಕದ ಕುದುರೆಗೂ ಹತ್ತಿರತ್ತೆ. ಇದನ್ನ ಪಾಠದ ಥರ ಬರೀರಿ ಅಂತಿಲ್ಲ. ಆ ಮೂರು ವಾರ ರಾಣಿಗೆ ಮರಿ ಕಾಣಲ್ಲ, ಕೆನೆಯೋದು ಮಾತ್ರ ಕೇಳತ್ತೆ. ಒಂಟಿ ಮುದಿ ಕುದುರೆಗೆ ಎಲ್ಲಿಂದಲೋ ಇನ್ನೊಂದರ ದನಿ ಕೇಳ್ತಾ ಇರೋದು, ನಿಮ್ಮ ಕಥೆಗೆ ಇದಕ್ಕಿಂತ ಒಳ್ಳೆ ಶುರು ಬೇಕಾ?

ಈಗ "ಕೆಲವು ದಿನಗಳ ನಂತರ". ಸ್ವಾಮಿ, ಕಥೆ ಇರೋದೇ ಆ ಮೂರು ಪದದೊಳಗೆ, ಅದನ್ನೇ ಹಾರಿಸ್ಬಿಟ್ರಲ್ಲ! ನಡುವೆ ಗಟ್ಟಿ ಬೇಲಿ ಇಟ್ಟು ಅಕ್ಕಪಕ್ಕ ಬಿಡ್ತಾರೆ, ಎರಡೂ ಮೂಗಿಗೆ ಮೂಗು ತಾಗಿಸಿ ಒಂದರ ಉಸಿರು ಇನ್ನೊಂದು ಎಳ್ಕೊಳತ್ತೆ, ಒಂದು ಕ್ಷಣ ಎಲ್ಲಾ ಸುಮ್ನೆ, ಆಮೇಲೆ ಇದ್ದಕ್ಕಿದ್ದ ಹಾಗೆ ರಾಣಿ ಕಿರುಚಿ ಮುಂಗಾಲಲ್ಲಿ ನೆಲಕ್ಕೆ ಬಡಿಯತ್ತೆ, ನೋಡೋರಿಗೆ ಎದೆ ಧಸಕ್ ಅನ್ನತ್ತೆ, ಆದ್ರೆ ಅದು ಬಹಳ ಸಲ ಬರೀ ಗದರಿಕೆ. ಇಂಥದ್ದು ಎಷ್ಟೋ ದಿನ ನಡೆದು ತಣ್ಣಗಾದ್ಮೇಲೆ ಒಟ್ಟಿಗೆ ಬಿಡೋದು, ಅದೂ ಲಾಯದಲ್ಲಲ್ಲ, ದೊಡ್ಡ ಬಯಲಲ್ಲಿ, ಮೂಲೆಗೆ ಸಿಕ್ಕಾಕೊಳ್ಳದ ಹಾಗೆ, ಹಿಂಗಾಲಿನ ಲಾಳ ಬಿಚ್ಚಿಸಿ. ಎರಡು ಕುದುರೆಗೆ ಮೂರು ಕಡೆ ಹುಲ್ಲು ಹಾಕ್ತಾರೆ, ಒಂದನ್ನ ಓಡಿಸಿದ್ರೆ ಅದಕ್ಕೆ ಹೋಗೋಕೆ ಇನ್ನೊಂದು ಗುಡ್ಡೆ ಇರ್ಲಿ ಅಂತ. ಆ ಮೂರನೇ ಗುಡ್ಡೆ ನಂಗೆ ತುಂಬಾ ಇಷ್ಟ. ಮನೆಯವರ ಭಯ, ಆಸೆ, ಲೆಕ್ಕಾಚಾರ ಎಲ್ಲಾ ಅದರಲ್ಲಿದೆ, ಒಂದು ವಿಶೇಷಣನೂ ಬೇಕಾಗಲ್ಲ.

ಮೊದ್ಲು ಓಡ್ಸೋದು ರಾಣಿ, ಸರಿ. ಆದ್ರೆ 22 ವರ್ಷಕ್ಕೆ ಹಲ್ಲು ಸವೆದಿರತ್ತೆ, ನಿಧಾನಕ್ಕೆ ಅಗಿಯತ್ತೆ, ಮರಿ ಬೆಳೀತಾ ಹೋಗತ್ತೆ, ಒಂದು ದಿನ ಮರೀನೇ ಬಂದು ಅಜ್ಜಿನ ಹುಲ್ಲಿಂದ ಎಬ್ಬಿಸ್ಬಹುದು. ಅಂಥ ಕಡೆ ಮುದುಕಿಗೆ ಬೇರೆಯಾಗಿ ತಿನ್ಸೋದುಂಟು. ಯಾರು ಯಾರನ್ನ ಸೇರಿಸ್ಕೊಂಡ್ರು ಅನ್ನೋ ಪ್ರಶ್ನೆ ಆಗ ತಾನಾಗೇ ತಿರುಗತ್ತೆ, ನೀವೊಬ್ರು ಬಂದು ತಿರುಗಿಸೋದು ಬೇಡ.

ಈಗ ನಿಮ್ಮ ಸಾಲು. "ಮಿಂಚು ತುಟಿ ಹಿಂದಕ್ಕೆಳೆದು, ಬಾಯಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡುತ್ತಾ ರಾಣಿಯನ್ನು ಕಚ್ಚಲು ಹೋಯಿತು." ಇದು ಕೂತು ಕಲ್ಪಿಸ್ಕೊಂಡು ಬರೆಯೋ ಸಾಲಲ್ಲ, ನೀವು ಎಲ್ಲೋ ನಿಂತು ನೋಡಿದೀರಿ. ಆದ್ರೆ ಮಿಂಚು ಕಚ್ಚೋಕೆ ಹೋಗಿದ್ದಲ್ಲ. ಎಳೇ ಕುದುರೆಗಳು ದೊಡ್ಡದರ ಮುಂದೆ ಕುತ್ತಿಗೆ ಚಾಚಿ ಹೀಗೆ ಬಾಯಿ ಆಡಿಸ್ತವೆ, ನಾನಿನ್ನೂ ಮಗು, ಹೊಡೀಬೇಡ ಅನ್ನೋ ಥರ. ದೊಡ್ಡದಾಗ್ತಾ ಅದು ನಿಂತೋಗತ್ತೆ. ಕಣ್ಣು ಸರಿಯಾಗೇ ನೋಡಿದೆ, ಆಮೇಲೆ ನೀವು ಅವಸರಕ್ಕೆ ಅದ್ರ ಮೇಲೆ ಜಗಳ ಅಂತ ಚೀಟಿ ಅಂಟಿಸಿದೀರಿ. ಕೊನೆ ಮೂರು ಪದ ಕಿತ್ತಾಕಿ, ರಾಣಿ ಅದಕ್ಕೆ ಏನ್ ಮಾಡ್ತು ಅಂತ ಬರೀರಿ. ಅದೂ ನಿಮಗೆ ನೆನಪಿರತ್ತೆ ಅಂತ ನನ್ನ ನಂಬಿಕೆ.

ಅಪ್ಪುಗೆ ತೆಗೀರಿ, ಕುದುರೆಗೆ ಕೈ ಎಲ್ಲಿದೆ. ಕುತ್ತಿಗೆ ಬೆನ್ನು ಸೇರೋ ಕಡೆ ಒಂದನ್ನೊಂದು ಹಲ್ಲಲ್ಲಿ ಕೆರ್ಕೊಳ್ತವಲ್ಲ, ಅದನ್ನ ಇಡಬಹುದು. ಇಲ್ಲಾಂದ್ರೆ ನಿದ್ದೆ. ಕುದುರೆ ನಿಂತೇ ತೂಕಡಿಸತ್ತೆ, ಆದ್ರೆ ಗಾಢ ನಿದ್ದೆಗೆ ಮಲಗ್ಲೇಬೇಕು, ಭಯ ಇದ್ರೆ ಮಲಗಲ್ಲ. ಮಿಂಚು ಮಗ್ಗುಲಾಗಿ ಕಾಲು ಚಾಚಿ ಬಿದ್ಕೊಂಡಿದೆ, ರಾಣಿ ಪಕ್ಕದಲ್ಲಿ ನಿಂತಿದೆ. ಅಲ್ಲಿಗೆ ಪೆನ್ ಕೆಳಗಿಡಿ, ಮನೆಯವರ ಬಾಯಲ್ಲಿ ಮತ್ತೇನೂ ಹೇಳಿಸ್ಬೇಡಿ.

ಏಳು ಪುಟ ನಾಲ್ಕಾಗ್ಲಿ, ಕಥೆ ಹೆಸರು ಬದಲಾಯ್ಸಿ, ಮತ್ತೆ ಕಳ್ಸಿ, ಖಂಡಿತ ಓದ್ತೀನಿ. ಹಾಂ, ರಾಣಿ ಮೂಸಿ ನೋಡೋದು ಮಿಂಚುವಿನ 'ಸಗಣಿ' ಅಂತ ಬರ್ದಿದೀರಿ. ಸಗಣಿ ಹಸೂದು, ಕುದುರೇದು ಲದ್ದಿ.