ಮೆಂಗೊನಿಂದ ಶುರು ಮಾಡಿ

ನಮಸ್ಕಾರ.

‘ಲೋಪೆ ದೆ ವೇಗಾ: ಸ್ಪೇನಿನ ಶೇಕ್ಸ್‌ಪಿಯರ್’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಲೋಪೆ ನನಗೆ ತುಂಬ ಇಷ್ಟದ ನಾಟಕಕಾರ, ಅದಕ್ಕೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಪೂರ್ತಿ ಅವನ ಮದುವೆಗಳು, ಗಡಿಪಾರು, ಪಾದ್ರಿಯಾದ ಕಥೆ. ಒಂದು ಪ್ಯಾರಾ ಸಾಕು. 1800 ನಾಟಕ ಬರೆದ ಎಂದಿದ್ದೀರಿ. ಅದು 1635ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯ ಮೊಂತಾಲ್ಬಾನ್ ಕೊಟ್ಟ ಲೆಕ್ಕ. ಉಳಿದಿರುವುದು ಕೆಲವು ನೂರು. ‘ಪ್ರಭಾವ’ ಎಂಬ ಪದ ಹನ್ನೊಂದು ಸಲ ಬಂದಿದೆ, ಎಂಥ ಪ್ರಭಾವ ಎಂಬುದು ಒಮ್ಮೆಯೂ ಬಂದಿಲ್ಲ.

‘ಫುಯೆಂತೆ ಒವೆಹುನ’ ನಾಟಕಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: ‘ದಬ್ಬಾಳಿಕೆಯ ವಿರುದ್ಧದ ಅಮರ ಕೃತಿ’. ದಯವಿಟ್ಟು ಮೂರನೇ ಅಂಕವನ್ನು ಮತ್ತೆ ಓದಿ. ಊರಿನ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಿದ್ದ ಅಧಿಕಾರಿಯನ್ನು ಊರವರೆಲ್ಲ ಸೇರಿ ಕೊಂದಿದ್ದಾರೆ. ಕೊಂದವರು ಯಾರೆಂದು ನ್ಯಾಯಾಧೀಶ ಒಬ್ಬೊಬ್ಬರನ್ನೇ ಹಿಂಸಿಸುತ್ತಿದ್ದಾನೆ. ಅದು ನಮಗೆ ಕಾಣುವುದಿಲ್ಲ. ಊರಿನ ಯುವಜೋಡಿ ಲೌರೆನ್ಸಿಯಾ, ಫ್ರೊಂದೊಸೊ ಹೊರಗೆ ನಿಂತು ಕಿವಿಗೊಟ್ಟಿದ್ದಾರೆ, ಒಳಗಿನಿಂದ ದನಿ ಮಾತ್ರ ಬರುತ್ತದೆ. ಮುದುಕ, ಹುಡುಗ, ಹೆಂಗಸು, ಎಲ್ಲರದೂ ಒಂದೇ ಉತ್ತರ: ಫುಯೆಂತೆ ಒವೆಹುನ. ಅದು ಊರಿನ ಹೆಸರು. ಕೊನೆಗೆ ಮೆಂಗೊನ ಸರದಿ. ಇಷ್ಟು ಹೊತ್ತು ನಮ್ಮನ್ನು ನಗಿಸಿದ ದಢೂತಿ ಆಸಾಮಿ. ‘ಅಯ್ಯೋ, ಹೇಳ್ತೀನಿ ಸ್ವಾಮಿ’ ಅಂದುಬಿಡುತ್ತಾನೆ. ಎದೆ ಧಸಕ್ಕೆನ್ನುತ್ತದೆ. ಹಗ್ಗ ಸಡಿಲವಾದ ಮೇಲೆ ಅವನು ಹೇಳುವುದೂ ಅದೇ ಹೆಸರನ್ನು, ಮಗುವನ್ನು ಮುದ್ದಿಗೆ ಕರೆದಂತೆ: ‘ಒವೆಹುನಿಕಾ’.

ಲೋಪೆಯ ಹೊಸತನವೆಲ್ಲ ಈ ಒಂದು ಪದದಲ್ಲಿ ಸಿಗುತ್ತದೆ. ದುರಂತಕ್ಕೂ ಹಾಸ್ಯಕ್ಕೂ ಇದ್ದ ಬೇಲಿಯನ್ನು ಅವನು ಬೇಕೆಂದೇ ಕಿತ್ತ. ನಾಟಕ ಬರೆಯಲು ಕೂತಾಗ ನಾಟಕಶಾಸ್ತ್ರದ ನಿಯಮಗಳಿಗೆ ಆರು ಬೀಗ ಜಡಿಯುತ್ತೇನೆ ಎಂದು 1609ರ ತನ್ನ ಪದ್ಯಪ್ರಬಂಧದಲ್ಲಿ ಹೇಳಿಕೊಂಡ. ಅಂತ್ಯ ಮೊದಲೇ ತಿಳಿದರೆ ಜನ ರಂಗಕ್ಕೆ ಬೆನ್ನು ಹಾಕಿ ಬಾಗಿಲ ಕಡೆ ತಿರುಗುತ್ತಾರೆ ಎಂದೂ ಅಲ್ಲೇ ಬರೆದ. ಮ್ಯಾಡ್ರಿಡ್‌ನ ಮನೆಗಳ ನಡುವಿನ ಅಂಗಳಗಳಲ್ಲಿ ನಿಂತೇ ನಾಟಕ ನೋಡುತ್ತಿದ್ದ ಜನರನ್ನು ಬಲ್ಲವನ ಮಾತು ಇದು.

ಪ್ರಭಾವದ ಮಾತಿಗೆ ಒಂದೇ ದಾರಿ ಹಿಡಿಯಿರಿ: ಲೋಪೆಯ ಹಾದಿಯಲ್ಲೇ ಬರೆದ ಸ್ಪೇನಿನ ನಾಟಕಕಾರ ಗಿಯೆನ್ ದೆ ಕಾಸ್ತ್ರೊ, ಈ ಕಾಸ್ತ್ರೊನ ನಾಟಕವನ್ನು ಆಧರಿಸಿ ಫ್ರಾನ್ಸಿನ ನಾಟಕಕಾರ ಕಾರ್ನೇಲ್ ಬರೆದು 1637ರಲ್ಲಿ ರಂಗಕ್ಕೆ ಬಂದ ‘ಲ ಸಿದ್’. ಶೇಕ್ಸ್‌ಪಿಯರ್ ಹೋಲಿಕೆ ತೆಗೆದುಬಿಡಿ. ಆ ಜಾಗದಲ್ಲಿ ಮೆಂಗೊನನ್ನು ಕೂರಿಸಿ, ಐದು ಪುಟಕ್ಕೆ ಇಳಿಸಿ ಕಳುಹಿಸಿ. ಬಂದ ದಿನವೇ ಓದುತ್ತೇನೆ.