ವೈನ್ ಭರಣಿಯಲ್ಲಿ ನೊಣ

ಕ್ರಿಸ್‌ಮಸ್‌ಗೆ ಇಟ್ಟ ದ್ರಾಕ್ಷಿ ವೈನಿನಲ್ಲಿ ನಾಲ್ಕನೇ ದಿನ ಎರಡು ಸಣ್ಣ ನೊಣ ತೇಲುತ್ತಿತ್ತು, ಬೈರಾಸು (ತೆಳು ಟವೆಲ್) ಕಟ್ಟಿದ್ದರೂ ಹೇಗೆ ಹೋಯಿತು, ಚೆಲ್ಲಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಚೆಲ್ಲಬೇಡಿ. ಕುದಿನೀರಲ್ಲಿ ಅದ್ದಿದ ಸ್ಟೀಲ್ ಚಮಚದಿಂದ ತೆಗೆದು ಮೂಸಿ ನೋಡಿ. ಮೂಗಿಗೆ ಚುರ್ ಅನ್ನುವ ವಿನೆಗರ್ ವಾಸನೆ ಇಲ್ಲದಿದ್ದರೆ ಮುಂದುವರಿಸಿ. ಮೇಲೆ ಬೂಸ್ಟು ಕಂಡರೆ ಮಾತ್ರ ಆಸೆ ಬಿಡಿ.

ಬೈರಾಸಿನ ನೇಯ್ಗೆ ಸಡಿಲ, ಅಲ್ವಾ? ಹಣ್ಣುನೊಣ ಇರೋದೇ ಎರಡು ಮೂರು ಮಿಲಿಮೀಟರ್. ಹಳೇ ಪಂಚೆ ಕುದಿಸಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. ದಾರ ಸಡಿಲವಾಗುತ್ತದೆ.

ಈ ನೊಣದ ಕಾಲಲ್ಲಿ ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಬರುತ್ತದೆ. ಅದಕ್ಕೆ ಗಾಳಿ ಬೇಕು. ನೊರೆ ಜೋರಾಗಿ ಏಳುವಾಗ ಒಳಗಿನ ಗ್ಯಾಸ್ ಗಾಳಿಯನ್ನು ದೂರ ಇಡುತ್ತದೆ, ಭಯ ಕಡಿಮೆ, ಇಳಿದ ಮೇಲೆ ಜಾಸ್ತಿ. ಒಮ್ಮೆ ನಾನು ಆಗ ಬಟ್ಟೆಯನ್ನೇ ನಂಬಿ ಕೂತೆ. ಐದು ಲೀಟರ್ ಪೂರ್ತಿ ಹುಳಿಯಾಗಿ, ವಿನೆಗರ್ ಹಾಕಿ ಮಾಡುವ ಹಂದಿ ಮಾಂಸದ ಅಡುಗೆ ಪೋರ್ಕ್ ಇಂದಾದ್‌ಗೆ ಹೋಯಿತು!

ನೊರೆ ಇಳಿದೊಡನೆ ಸೋಸಿ, ಸಣ್ಣ ಬಾಯಿಯ ಬಾಟಲಿಗೆ ಕುತ್ತಿಗೆವರೆಗೆ ತುಂಬಿ. ಮುಚ್ಚಳಕ್ಕೆ ತೂತು ಕೊರೆದು ಪೈಪ್ ಬಿಗಿಯಾಗಿ ಹಾಕಿ, ಇನ್ನೊಂದು ತುದಿ ನೀರಿನ ಲೋಟದಲ್ಲಿ ಮುಳುಗಿರಲಿ. ಒಳಗಿನ ತುದಿ ವೈನಿಗೆ ತಾಗಬಾರದು. ಪೈಪಿಲ್ಲದೆ ಬಿಗಿದರೆ ಗ್ಯಾಸ್ ತುಂಬಿ ಬಾಟಲಿ ಒಡೆದೀತು.